ಪಂದ್ಯದ ಆಸನವೂ ಕಾರ್ಖಾನೆಯ ಪಟ್ಟಿಯೂ

ತುಮಕೂರಿನಿಂದ ಹೊರಟ 73ನೆಯ ರಾಷ್ಟ್ರೀಯ ಹೆದ್ದಾರಿಯು ತಿಪಟೂರು, ಅರಸೀಕೆರೆಗಳ ತೆಂಗಿನ ತೋಟಗಳ ನಡುವೆ ಹಾದು, ಬಾಣಾವರ, ಜಾವಗಲ್ಲುಗಳನ್ನು ದಾಟಿ, ಹಳೇಬೀಡು ಬೇಲೂರುಗಳ ಮಾರ್ಗವಾಗಿ ಮೂಡಿಗೆರೆಗೆ ಏರಿ, ಚಾರ್ಮಾಡಿ ಘಟ್ಟವನ್ನಿಳಿದು ಮಂಗಳೂರನ್ನು ಸೇರುತ್ತದೆ. ಬಯಲುಸೀಮೆಯಲ್ಲಿ ನೇರವಾಗಿ ಓಡುವ ಈ ರಸ್ತೆ ಮಲೆನಾಡಿನಲ್ಲಿ ಹೆಜ್ಜೆಹೆಜ್ಜೆಗೂ ಬಳುಕುತ್ತದೆ. ವೇಗದ ಕಾರುಗಳನ್ನು ಇಟ್ಟುಕೊಂಡ ಬೆಂಗಳೂರಿನ ತರುಣರಿಗೆ ಇಂತಹ ರಸ್ತೆ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ರಜಾದಿನದ ಬೆಳಿಗ್ಗೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೆ ಅಂತಹ ಒಂದು ಕಾರು ಬಂದು ನಿಂತಿತೆಂದರೆ, ಸುತ್ತಲೂ ನೆರೆಯುವ ಶಾಲಾ ಕಾಲೇಜುಗಳ ಹುಡುಗರು ಮೊದಲು ನೋಡುವುದು ಯಂತ್ರವನ್ನಲ್ಲ, ಕಿಟಕಿಯೊಳಗಿನ ಆಸನವನ್ನು. ಹೆಗಲಿನವರೆಗೂ ರೆಕ್ಕೆಗಳನ್ನು ಚಾಚಿದ, ತೊಡೆಯ ಎರಡು ಪಕ್ಕಗಳಲ್ಲೂ ಗೋಡೆಯಂತೆ ಎದ್ದ, ಬೆನ್ನಿನಲ್ಲಿ ಪಟ್ಟಿಗಳಿಗಾಗಿ ತೂತುಗಳಿರುವ ಚಿಪ್ಪಿನಾಕಾರದ ಆಸನವದು. ಅದರ ಪಕ್ಕದಲ್ಲಿ, ಬಾಗಿಲ ಕಂಬದಿಂದ ಇಳಿಬಿದ್ದಿರುವುದು ಮಾತ್ರ ಕಾರ್ಖಾನೆಯಲ್ಲಿ ಕೂಡಿಸಿದ ಅದೇ ಹಳೆಯ ಸೀಟ್ ಬೆಲ್ಟು.

ಈ ಜೋಡಿ ಸರಿಯೆ? ಪಂದ್ಯದ ಆಸನವನ್ನು ಕೂಡಿಸಿ, ಕಾರ್ಖಾನೆಯ ಪಟ್ಟಿಯನ್ನೇ ಉಳಿಸಿಕೊಳ್ಳಬಹುದೆ? ಇದು ಹಣವಂತರ ಚಪಲದ ಪ್ರಶ್ನೆಯೆಂದು ಕೆಲವರು ತಳ್ಳಿಹಾಕಬಹುದು. ನಮಗೆ ಹಾಗೆ ತೋರುವುದಿಲ್ಲ. ಇಂದು ಈ ಆಸನಗಳು ಅಂಚೆಯ ಮೂಲಕ ಯಾರ ಮನೆಗಾದರೂ ಬರುತ್ತವೆ; ಹಳೆಯ ಸಣ್ಣ ಕಾರೊಂದನ್ನು ಕೊಂಡ ಕಾಲೇಜು ವಿದ್ಯಾರ್ಥಿಯೂ ಮೊದಲು ಬದಲಾಯಿಸಬಯಸುವುದು ಆಸನವನ್ನೇ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ: ಸಾರ್ವಜನಿಕ ರಸ್ತೆಯಲ್ಲಿ ಓಡುವ ಕಾರಿನಲ್ಲಿ ಕಾರ್ಖಾನೆಯ ಪಟ್ಟಿ ಉಳಿಯಲೇಬೇಕು, ಅದು ಉಳಿಯಬೇಕಾದರೆ ಪಟ್ಟಿಗೆ ಒಪ್ಪುವ ಆಸನವನ್ನು ಹುಡುಕಬೇಕೇ ಹೊರತು, ಮನಸ್ಸಿಗೆ ಒಪ್ಪಿದ ಆಸನಕ್ಕೆ ಪಟ್ಟಿಯನ್ನು ಒಗ್ಗಿಸಕೂಡದು. ಒಪ್ಪುವ ಆಸನ ಸಿಕ್ಕದಿದ್ದರೆ ಕಾರ್ಖಾನೆಯ ಆಸನವೇ ಇರಲಿ.

ಪಂದ್ಯದ ಆಸನದ ಪಕ್ಷದಲ್ಲಿ ನ್ಯಾಯವಾಗಿ ಹೇಳಬೇಕಾದುದೂ ಉಂಟು. 50 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರನ್ನು ಭಾವಿಸಿಕೊಳ್ಳಿ. ಕೇಂದ್ರದ ಕಡೆಗಿನ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು, ಎಂದರೆ ಸೆಕೆಂಡಿನ ವರ್ಗಕ್ಕೆ ಸುಮಾರು 5.6 ಮೀಟರ್. 70 ಕಿಲೋಗ್ರಾಂ ತೂಕದ ಚಾಲಕನನ್ನು ಆ ತಿರುವಿನಲ್ಲಿ ತಿರುಗಿಸಲು ಪಕ್ಕದಿಂದ ಸುಮಾರು 390 ನ್ಯೂಟನ್ ಬಲ ಬೇಕು. 40 ಕಿಲೋಗ್ರಾಂ ಮೂಟೆಯೊಂದು ಪಕ್ಕಕ್ಕೆ ಒರಗಿದಂತೆ. ಚಪ್ಪಟೆಯಾದ ಆಸನದಲ್ಲಿ ಈ ಬಲವನ್ನು ಒದಗಿಸುವವರು ಯಾರು? ಚಾಲಕನು ಮೊಣಕಾಲನ್ನು ಬಾಗಿಲಿಗೆ ಒತ್ತಿ, ಚುಕ್ಕಾಣಿಯನ್ನೇ ಹಿಡಿಗೋಲಿನಂತೆ ಹಿಡಿದು ಕೂರಬೇಕಾಗುತ್ತದೆ. ಚುಕ್ಕಾಣಿ ಇರುವುದು ತಿರುಗಿಸಲು, ಜೋತುಬೀಳಲಲ್ಲ. ಪಕ್ಕಗಳಲ್ಲಿ ಎತ್ತರವಾದ ಆಸನವು ಆ ಕೆಲಸವನ್ನು ತಾನು ವಹಿಸಿಕೊಂಡು ಕೈಗಳನ್ನು ಬಿಡುಗಡೆ ಮಾಡುತ್ತದೆ. ತೂಕವೂ ಇಳಿಯುತ್ತದೆ. ಆದಕಾರಣವೇ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ನಡೆಯುವ ರ‍್ಯಾಲಿಗಳ ಕಾರುಗಳಲ್ಲಿ ಬೇರೆ ಬಗೆಯ ಆಸನವನ್ನು ಕಾಣಲಾಗದು. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆಯು ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಅನುಸರಿಸಿ ಡಾಲ್ಫಿನ್ ಎಂಬ ಗಾಜುನಾರಿನ ಮೈಯ ಹಗುರವಾದ ಕಾರನ್ನು ತಯಾರಿಸಿದಾಗ, ಸಂಸಾರಸ್ಥರಿಗಿಂತ ಪಂದ್ಯಗಾರರೇ ಅದನ್ನು ಹೆಚ್ಚು ಮೆಚ್ಚಿದರು. ಅಂದಿನಿಂದ ನಮ್ಮ ನಾಡಿನಲ್ಲಿ ಕಾರಿನ ಒಳಭಾಗವನ್ನು ಬಿಚ್ಚಿ ಹಗುರ ಮಾಡುವ ವಿದ್ಯೆಗೆ ಶಿಷ್ಯರ ಕೊರತೆಯಾಗಿಲ್ಲ.

ಆದರೆ ತಿರುವಿನಲ್ಲಿ ಹಿಡಿದಿಡುವುದು ಒಂದು, ಅಪಘಾತದಲ್ಲಿ ಹಿಡಿದಿಡುವುದು ಇನ್ನೊಂದು. ಎರಡನೆಯದರ ಲೆಕ್ಕವನ್ನು ನೋಡೋಣ.

ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಈ ವೇಗದಲ್ಲಿ ಗೋಡೆಗೆ ಹಾಯುವುದೂ ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರಂತಸ್ತಿನ ಮಾಳಿಗೆಯಿಂದ, ನೆಲಕ್ಕೆ ಬೀಳುವುದೂ ಒಂದೇ. ಕಾರಿನ ಮೂತಿ ನಜ್ಜುಗುಜ್ಜಾಗುವುದರಿಂದಲೂ ಪಟ್ಟಿ ಸ್ವಲ್ಪ ಹಿಗ್ಗುವುದರಿಂದಲೂ ಚಾಲಕನ ಶರೀರಕ್ಕೆ ನಿಲ್ಲಲು ಅರ್ಧ ಮೀಟರ್ ದೂರ ದೊರೆಯಿತೆನ್ನಿ. ಆಗ ಅವನ ಮೇಲಿನ ಸರಾಸರಿ ವೇಗಾಪಕರ್ಷ ಗುರುತ್ವದ 20ರಷ್ಟು. 70 ಕಿಲೋಗ್ರಾಂ ಶರೀರಕ್ಕೆ ಬೇಕಾದ ಬಲ ಸುಮಾರು 13,500 ನ್ಯೂಟನ್. ಪಟ್ಟಿಯಲ್ಲಿ 10 ಸೆಂಟಿಮೀಟರ್ ಸಡಿಲವಿದ್ದರೆ, ಆ 10 ಸೆಂಟಿಮೀಟರನ್ನು ಶರೀರವು ಯಾವ ತಡೆಯೂ ಇಲ್ಲದೆ ಕಳೆದುಬಿಡುತ್ತದೆ. ನಿಲ್ಲಲು ಉಳಿಯುವುದು 40 ಮಾತ್ರ. 20ರಷ್ಟಿದ್ದದ್ದು 25ರಷ್ಟಾಯಿತು. ಪಟ್ಟಿಯೇ ಇಲ್ಲದೆ ಎದೆಯು ಚುಕ್ಕಾಣಿಗೆ ಅಪ್ಪಳಿಸಿ 5 ಸೆಂಟಿಮೀಟರಿನೊಳಗೆ ನಿಂತರೆ ಅದು ಸುಮಾರು 200ರಷ್ಟು. ಈ ಲೆಕ್ಕಕ್ಕೆ ಪ್ರೌಢಶಾಲೆಯ ಸಮೀಕರಣವೊಂದೇ ಸಾಕು. ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು.

ಮನುಷ್ಯನ ಶರೀರವು ಇಷ್ಟನ್ನು ಸಹಿಸಬಲ್ಲುದೆ? 1954ರ ಡಿಸೆಂಬರ್ 10ರಂದು ಅಮೆರಿಕದ ವಾಯುಸೇನೆಯ ವೈದ್ಯ ಜಾನ್ ಪಾಲ್ ಸ್ಟಾಪ್, ರಾಕೆಟ್ಟುಗಳನ್ನು ಕಟ್ಟಿದ ಜಾರುಬಂಡಿಯಲ್ಲಿ ಕುಳಿತು ಗಂಟೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ವೇಗವನ್ನು ಮುಟ್ಟಿ, ಒಂದೂವರೆ ಸೆಕೆಂಡಿನೊಳಗೆ ನಿಂತು, ಗುರುತ್ವದ 46ರಷ್ಟನ್ನು ತನ್ನ ಮೈಮೇಲೆ ತಾಳಿಕೊಂಡನು, ಬದುಕಿಯೂ ಉಳಿದನು. ಎಲುಬಿನ ಗಟ್ಟಿಯಾದ ಭಾಗಗಳ ಮೇಲೆ ಬಲವನ್ನು ಹಂಚಿದರೆ ಶರೀರವು ನಾವೆಣಿಸಿದ್ದಕ್ಕಿಂತ ಬಹಳ ಹೆಚ್ಚನ್ನು ಸಹಿಸುತ್ತದೆಂಬುದು ಅವನ ಪ್ರಯೋಗಗಳಿಂದ ತಿಳಿಯಿತು. ಎಲ್ಲಿ ಹಿಡಿಯುತ್ತೇವೆಂಬುದೇ ಇಲ್ಲಿ ಮುಖ್ಯ.

ಸ್ವೀಡನ್ನಿನ ನೀಲ್ಸ್ ಬೊಲೀನ್ ಈ ತತ್ತ್ವವನ್ನೇ ಕಾರಿಗೆ ತಂದನು. ವಿಮಾನದಿಂದ ಚಾಲಕನನ್ನು ಹೊರಕ್ಕೆ ಚಿಮ್ಮಿಸುವ ಆಸನಗಳನ್ನು ರಚಿಸುತ್ತಿದ್ದ ಈ ಎಂಜಿನಿಯರು ವೋಲ್ವೋ ಸಂಸ್ಥೆಯನ್ನು ಸೇರಿ, 1959ರಲ್ಲಿ ಮೂರು ಬಿಂದುಗಳ ಪಟ್ಟಿಯನ್ನು ಕಾರಿಗೆ ಅಳವಡಿಸಿದನು. ಇಂದು ನಮ್ಮ ಕಾರುಗಳಲ್ಲಿರುವುದು ಅದೇ. ವೋಲ್ವೋ ಆ ಹಕ್ಕನ್ನು ತನ್ನಲ್ಲೇ ಇಟ್ಟುಕೊಳ್ಳದೆ ಇತರ ತಯಾರಕರಿಗೂ ಬಿಟ್ಟುಕೊಟ್ಟಿತೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಬೊಲೀನನ ಪಟ್ಟಿಯ ಗುಟ್ಟು ಅದರ ರೇಖಾಗಣಿತದಲ್ಲಿದೆ. ನಡುಪಟ್ಟಿಯು ಹೊಟ್ಟೆಯ ಮೇಲಲ್ಲ, ತೊಡೆಯ ಬುಡಕ್ಕೆ ತಾಗಿ, ಸೊಂಟದೆಲುಬಿನ ಎರಡು ಮುಂಚಾಚುಗಳ ಕೆಳಗೆ ಕೂರಬೇಕು. ಹೆಗಲಪಟ್ಟಿಯು ಕೊರಳೆಲುಬಿನ ನಡುವಿನಿಂದ ಎದೆಯೆಲುಬನ್ನು ಹಾದು ಇಳಿಯಬೇಕು. ಎರಡೂ ಸೇರುವ ಕೊಂಡಿ ಸೊಂಟದ ಪಕ್ಕದಲ್ಲಿ ತಗ್ಗಾಗಿರಬೇಕು. ಈ ಮೂರು ಸ್ಥಾನಗಳನ್ನು ನಿರ್ಧರಿಸುವುದು ಪಟ್ಟಿ ಮಾತ್ರವಲ್ಲ, ಪಟ್ಟಿಯೂ ಆಸನವೂ ಕೂಡಿ. ಕಾರ್ಖಾನೆಯ ಆಸನವು ನೋಡಲು ಬರಿಯ ಮೆತ್ತೆಯಂತಿದ್ದರೂ, ಅದರ ಮುಂಭಾಗದ ಅಡಿಯಲ್ಲಿ ತಗಡಿನ ಏರೊಂದನ್ನು ಬೇಕೆಂದೇ ರಚಿಸಿರುತ್ತಾರೆ. ಅಪಘಾತದಲ್ಲಿ ಸೊಂಟವು ಮುಂದಕ್ಕೆ ಜಾರದಂತೆ ತಡೆಯುವುದು ಆ ಏರು.

ಪಂದ್ಯದ ಆಸನವನ್ನು ಬೇರೊಂದು ಪಟ್ಟಿಗಾಗಿ ರೂಪಿಸಿದ್ದಾರೆ. ಎರಡು ಹೆಗಲುಗಳ ಮೇಲಿಂದ ಎರಡು, ಸೊಂಟದ ಎರಡು ಪಕ್ಕಗಳಿಂದ ಎರಡು, ತೊಡೆಗಳ ನಡುವಿನಿಂದ ಒಂದೋ ಎರಡೋ ಪಟ್ಟಿಗಳು ಬಂದು ಹೊಟ್ಟೆಯ ಕೆಳಗೆ ಒಂದೇ ಬೀಗದಲ್ಲಿ ಸೇರುತ್ತವೆ. ಸೊಂಟವು ಮುಂದಕ್ಕೆ ಜಾರುವುದನ್ನು ಅಲ್ಲಿ ತೊಡೆಗಳ ನಡುವಿನ ಪಟ್ಟಿಯೇ ತಡೆಯುತ್ತದೆ. ನಡುಪಟ್ಟಿಗಳು ಆಸನದ ಪಕ್ಕದ ತೂತುಗಳ ಮೂಲಕ ಒಳಕ್ಕೆ ಬಂದು ನೇರವಾಗಿ ಎಲುಬಿನ ಮೇಲೆ ಕೂರುತ್ತವೆ. ಇಂತಹ ಆಸನದಲ್ಲಿ ಕುಳಿತು ಕಾರ್ಖಾನೆಯ ಪಟ್ಟಿಯನ್ನು ಎಳೆದು ಕಟ್ಟಿದರೆ ಆಗುವುದೇನು? ತೊಡೆಯ ಪಕ್ಕದ ಗೋಡೆ ಎತ್ತರವಾಗಿರುವುದರಿಂದ ನಡುಪಟ್ಟಿಯು ಗೋಡೆಯ ನೆತ್ತಿಯಿಂದ ನೆತ್ತಿಗೆ ಸೇತುವೆಯಂತೆ ಹಾಯುತ್ತದೆ. ಅದರ ಕೆಳಗೆ ಸೊಂಟಕ್ಕೂ ಪಟ್ಟಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ತೆರಪು. ಕೊಂಡಿಯೋ ಗೋಡೆಯ ಹೊರಗೆ ಹುದುಗಿಹೋಗಿ, ಕಟ್ಟಲು ತಡಕಾಡಬೇಕು. ಕೆಲವರು ಅದನ್ನು ಉದ್ದದ ತುಂಡಿನಿಂದ ಮೇಲಕ್ಕೆತ್ತುತ್ತಾರೆ. ಆಗ ಕೊಂಡಿಯೂ ಪಟ್ಟಿಯೂ ಹೊಟ್ಟೆಗೇ ಬಂದವು.

ಅಪಘಾತದ ಹತ್ತನೆಯ ಒಂದು ಸೆಕೆಂಡಿನಲ್ಲಿ ಇದರ ಫಲ ಕಾಣುತ್ತದೆ. ಸೊಂಟವು ಪಟ್ಟಿಯ ಕೆಳಗೆ ನುಸುಳಿ ಮುಂದಕ್ಕೆ ಹೋಗುತ್ತದೆ. ಪಟ್ಟಿಯು ಎಲುಬನ್ನು ಬಿಟ್ಟು ಮೃದುವಾದ ಉದರದೊಳಕ್ಕೆ ಇಳಿಯುತ್ತದೆ. ಜಲಾಂತರ್ಗಾಮಿ ನೌಕೆ ನೀರಿನಡಿಗೆ ಜಾರುವ ಬಗೆಯನ್ನು ನೆನೆದು ಎಂಜಿನಿಯರುಗಳು ಇದನ್ನು ಸಬ್‌ಮೆರೀನಿಂಗ್ ಎಂದು ಕರೆಯುತ್ತಾರೆ. ಹೆಸರು ವಿನೋದವಾಗಿದ್ದರೂ ಪರಿಣಾಮ ಹಾಗಿಲ್ಲ: ಕರುಳು ಹರಿಯುವುದು, ಯಕೃತ್ತು ಗುಲ್ಮಗಳು ಸೀಳುವುದು, ಬೆನ್ನಿನ ಕೆಳಗಣ ಎಲುಬು ಮುರಿಯುವುದು. ಪಟ್ಟಿ ಕಟ್ಟಿದ್ದರೂ ಇಷ್ಟು. ಇತ್ತ ಹೆಗಲಪಟ್ಟಿಯು ಆಸನದ ರೆಕ್ಕೆಯ ಮೇಲೆ ಒರಗಿ ಹೆಗಲಿನಿಂದ ಜಾರಬಹುದು. ಚಿಪ್ಪಿನ ತೂತಿನ ಅಂಚಿಗೆ ಉಜ್ಜಿ ಸವೆಯಲೂಬಹುದು. ಆಸನವು ಗಟ್ಟಿಯಾಗಿ ಹಿಡಿದುಕೊಂಡಿದೆಯೆಂಬ ಭಾವನೆಯಿಂದ ಚಾಲಕನು ಮಾತ್ರ ಮೊದಲಿಗಿಂತ ಧೈರ್ಯವಾಗಿ ಓಡಿಸುತ್ತಿರುತ್ತಾನೆ. ನಮಗೆ ಅತ್ಯಂತ ಅಪಾಯಕರವಾಗಿ ತೋರುವುದು ಈ ಭಾವನೆಯೇ.

ಎಲ್ಲ ಬಕೆಟ್ ಆಸನಗಳೂ ಹೀಗೆಂದು ಹೇಳಿದರೆ ಅನ್ಯಾಯವಾದೀತು. ಜರ್ಮನಿಯ ಸ್ಟುಟ್‌ಗಾರ್ಟಿನ ರಾಯ್ಟರ್ ಸಂಸ್ಥೆಯಿಂದ 1963ರಲ್ಲಿ ಹುಟ್ಟಿದ ರೆಕಾರೋ, ರಸ್ತೆಯ ಕಾರುಗಳಿಗಾಗಿಯೇ ಪಕ್ಕದಾಸರೆಯುಳ್ಳ ಆಸನಗಳನ್ನು ಮಾಡಿ ಹೆಸರಾಯಿತು. ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಮುಂತಾದ ಕಾರುಗಳು ಕಾರ್ಖಾನೆಯಿಂದಲೇ ಅಂತಹ ಆಸನಗಳೊಡನೆಯೂ ಸಾಮಾನ್ಯವಾದ ಮೂರು ಬಿಂದುಗಳ ಪಟ್ಟಿಯೊಡನೆಯೂ ಬಂದವು. ಅಂದರೆ ಕೂಡಿಕೆ ಅಸಾಧ್ಯವಲ್ಲ. ಅಲ್ಲಿ ಸೊಂಟದ ಬಳಿ ಗೋಡೆಯನ್ನು ತಗ್ಗಿಸಿ ಪಟ್ಟಿಗೆ ದಾರಿ ಬಿಟ್ಟಿರುತ್ತಾರೆ. ಕೊಂಡಿಯನ್ನು ಆಸನದ ಚೌಕಟ್ಟಿಗೇ ಸರಿಯಾದ ಎತ್ತರದಲ್ಲಿ ಬಿಗಿದಿರುತ್ತಾರೆ. ಹೀಗೆ ಕೂಡಿಸಿದ ಮೇಲೆ ಗೋಡೆಗೆ ಗುದ್ದಿಸಿ ಪರೀಕ್ಷಿಸಿರುತ್ತಾರೆ. ನಮ್ಮ ಗ್ಯಾರೇಜಿನಲ್ಲಿ ಇಲ್ಲದಿರುವುದು ಈ ಕಡೆಯ ಸೌಕರ್ಯ.

ಕೊಂಡಿಯ ಮಾತು ಬಂದುದರಿಂದ ಬೋಲ್ಟಿನ ಮಾತನ್ನೂ ಆಡಬೇಕು. ಈಚಿನ ಬಹುತೇಕ ಕಾರುಗಳಲ್ಲಿ ಕೊಂಡಿಯು ನೆಲಕ್ಕಲ್ಲದೆ ಆಸನಕ್ಕೇ ಅಂಟಿರುತ್ತದೆ. ಹಳೆಯ ಆಸನ ಹೋದರೆ ಕೊಂಡಿಯ ನೆಲೆಯೂ ಹೋಯಿತು. ಹೊಸ ಆಸನದ ಕೆಳಗಿನ ಕಬ್ಬಿಣದ ಪಟ್ಟಿಗೆ ಅದನ್ನು ಬೆಸೆದು ನಿಲ್ಲಿಸುವವರಿದ್ದಾರೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಗಳಲ್ಲಿ 14ನೆಯದು ಪಟ್ಟಿಯ ನೆಲೆಗಳ ಬಲವನ್ನು ಕುರಿತದ್ದು. ಅದರಂತೆ ಪ್ರಯಾಣಿಕರ ಕಾರಿನಲ್ಲಿ ಹೆಗಲ ಭಾಗವನ್ನು ಸುಮಾರು 13,500 ನ್ಯೂಟನ್ ಬಲದಿಂದಲೂ, ನಡುವಿನ ಭಾಗವನ್ನು ಅಷ್ಟೇ ಬಲದಿಂದಲೂ ಏಕಕಾಲದಲ್ಲಿ ಎಳೆಯಬೇಕು. ಪಟ್ಟಿಯ ನೆಲೆ ಆಸನದ ಮೇಲಿದ್ದರೆ ಆಸನದ ತೂಕದ 20ರಷ್ಟನ್ನೂ ಅದಕ್ಕೆ ಕೂಡಿಸಬೇಕು. ಆಗಲೂ ನೆಲೆ ಕಿತ್ತುಬರಕೂಡದು. ಬೀದಿಬದಿಯ ಬೆಸುಗೆಗಾರನ ಕೈಚಳಕವನ್ನು ನಾವು ಹಗುರವಾಗಿ ಕಾಣುವವರಲ್ಲ. ನೇಗಿಲಿನಿಂದ ಹಿಡಿದು ಲಾರಿಯವರೆಗೆ ನಮ್ಮ ಗ್ರಾಮಾಂತರವನ್ನು ನಡೆಸುತ್ತಿರುವವನು ಅವನು. ಆದರೆ ತನ್ನ ಬೆಸುಗೆ ಎರಡೂಮುಕ್ಕಾಲು ಟನ್ನಿನ ಎಳೆತವನ್ನು ತಾಳುವುದೆಂದು ಅವನೂ ಹೇಳಲಾರ, ನಾವೂ ಹೇಳಲಾರೆವು.

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತು ನೋಡಿದವರಿಗೆ ಕಂಬಗಳ ವೈವಿಧ್ಯ ತಿಳಿದೇ ಇದೆ. ಶಿಲ್ಪಿಗೆ ಅಲಂಕಾರದಲ್ಲಿ ಎಷ್ಟು ಸ್ವಾತಂತ್ರ್ಯವಿದ್ದರೂ, ತೊಲೆಯ ಭಾರವನ್ನು ನೆಟ್ಟಗೆ ಪೀಠಕ್ಕೆ ಇಳಿಸುವ ವಿಷಯದಲ್ಲಿ ಯಾವ ಕಂಬಕ್ಕೂ ವಿನಾಯಿತಿ ಇಲ್ಲ. ಒಂಬೈನೂರು ವರ್ಷಗಳ ಮೇಲೆಯೂ ಅವು ನಿಂತಿರುವುದು ಆ ಕಾರಣದಿಂದ. ಆಸನದ ಬಣ್ಣ, ಆಕಾರಗಳ ಬಗ್ಗೆ ನಮ್ಮ ತಕರಾರಿಲ್ಲ; ಬಲವು ಎಲುಬಿನಿಂದ ಪಟ್ಟಿಗೆ, ಪಟ್ಟಿಯಿಂದ ಕಾರಿನ ಒಡಲಿಗೆ ಇಳಿಯುವ ದಾರಿಯನ್ನು ಕೆಡಿಸಬಾರದೆಂಬುದಷ್ಟೇ ನಮ್ಮ ವಾದ.

ಇನ್ನು ಕಣ್ಣಿಗೆ ಕಾಣದ ತಂತಿಗಳ ವಿಷಯ. ಅನೇಕ ಕಾರುಗಳಲ್ಲಿ ಪಕ್ಕದ ಗಾಳಿಚೀಲ ಆಸನದ ಬೆನ್ನಿನೊಳಗೇ ಇರುತ್ತದೆ. ಆಸನವನ್ನು ಕಿತ್ತರೆ ಅದೂ ಹೋಯಿತು. ಅಪಘಾತದ ಮೊದಲ ಕ್ಷಣದಲ್ಲಿ ಸಣ್ಣ ಸಿಡಿಮದ್ದನ್ನು ಉರಿಸಿ ಪಟ್ಟಿಯ ಸಡಿಲವನ್ನು ಎಳೆದುಕೊಳ್ಳುವ ಸಾಧನವೂ, ಆಸನದಲ್ಲಿ ಜನರಿದ್ದಾರೆಯೇ ಎಂದು ಅರಿಯುವ ಸಾಧನವೂ ಅದೇ ತಂತಿಗಳಿಗೆ ಸೇರಿರಬಹುದು. ಆಸನ ತೆಗೆದೊಡನೆ ಮುಂಫಲಕದಲ್ಲಿ ಕೆಂಪು ದೀಪ ಹೊತ್ತುತ್ತದೆ. ಆ ದೀಪವನ್ನಾರಿಸಲು ಎರಡು ತಂತಿಗಳ ನಡುವೆ ಒಂದು ರೋಧಕವನ್ನು ಸಿಕ್ಕಿಸುವ ಉಪಾಯ ಎಲ್ಲೆಲ್ಲೂ ಪ್ರಚಾರದಲ್ಲಿದೆ. ಜ್ವರ ಬಂದವನ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದಂತೆ ಇದು. ಪಟ್ಟಿ ಕಟ್ಟದಿದ್ದಾಗ ಬಾರಿಸುವ ಗಂಟೆಯನ್ನು ಅಡಗಿಸಲು ಕೊಂಡಿಗೆ ಸಿಕ್ಕಿಸುವ ಲೋಹದ ನಾಲಗೆಯೂ ಇದೇ ಜಾತಿಯದು. 2023ರ ಮೇ ತಿಂಗಳಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಅಂತರಜಾಲ ಮಾರಾಟ ಸಂಸ್ಥೆಗಳಿಗೆ ಅದರ ಮಾರಾಟವನ್ನು ನಿಲ್ಲಿಸಲು ಆಜ್ಞೆ ಮಾಡಬೇಕಾಯಿತು. 13,000ಕ್ಕೂ ಹೆಚ್ಚು ಮಾರಾಟಪುಟಗಳು ತೆಗೆಯಲ್ಪಟ್ಟವು. ಗಂಟೆಯನ್ನು ಅಡಗಿಸಲು ಇಷ್ಟು ಜನ ಹಣ ಕೊಡುವ ದೇಶದಲ್ಲಿ ಪಟ್ಟಿಯ ರೇಖಾಗಣಿತವನ್ನು ಕುರಿತು ಬರೆಯುವುದು ಸ್ವಲ್ಪ ಮುಂಚೆಯೇ ಆಯಿತೇನೋ!

ಇಷ್ಟನ್ನು ಕೇಳಿದ ಉತ್ಸಾಹಿಯೊಬ್ಬನು, “ಹಾಗಾದರೆ ಕಾರ್ಖಾನೆಯ ಪಟ್ಟಿಯನ್ನೇ ತೆಗೆದು, ಪಂದ್ಯದ ಪಟ್ಟಿಯನ್ನು ಹಾಕಿಬಿಡುತ್ತೇನೆ” ಎನ್ನಬಹುದು. ಇದು ತರ್ಕಬದ್ಧವಾಗಿ ಕಂಡರೂ ಇನ್ನೂ ಕೆಟ್ಟ ದಾರಿ. ಎರಡು ಹೆಗಲುಗಳನ್ನೂ ಆಸನಕ್ಕೆ ಬಿಗಿದಾಗ ಮುಂದಕ್ಕೆ ಹೋಗುವುದು ತಲೆಯೊಂದೇ. ಅದರ ಎಳೆತವೆಲ್ಲ ಕುತ್ತಿಗೆಯ ಮೇಲೆ. 2001ರ ಫೆಬ್ರವರಿ 18ರಂದು ಅಮೆರಿಕದ ಡೇಟೋನಾ ಪಂದ್ಯದಲ್ಲಿ ಪ್ರಸಿದ್ಧ ಚಾಲಕ ಡೇಲ್ ಅರ್ನ್‌ಹಾರ್ಟ್ ಸತ್ತುದು ತಲೆಬುರುಡೆಯ ತಳಭಾಗ ಒಡೆದು. ಇದನ್ನು ತಡೆಯಲು ಮಿಷಿಗನ್ನಿನ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್, ತನ್ನ ಬಂಧುವೂ ಪಂದ್ಯಗಾರನೂ ಆದ ಜಿಮ್ ಡೌನಿಂಗನೊಡನೆ ಸೇರಿ, ಶಿರಸ್ತ್ರಾಣವನ್ನು ಹೆಗಲಿಗೆ ಕಟ್ಟುವ ‘ಹಾನ್ಸ್’ ಸಾಧನವನ್ನು 1980ರ ದಶಕದಲ್ಲಿಯೇ ರೂಪಿಸಿದ್ದನು. ಫಾರ್ಮುಲಾ ಒನ್ ಪಂದ್ಯಗಳಲ್ಲಿ ಅದು 2003ರಿಂದ ಕಡ್ಡಾಯ. ಪಂದ್ಯದ ಪಟ್ಟಿ ಬೇಕೆಂದವನಿಗೆ ಈ ಸಾಧನ ಬೇಕು, ಅದನ್ನು ಕಟ್ಟಲು ಶಿರಸ್ತ್ರಾಣ ಬೇಕು, ಕಾರು ಮಗುಚಿದರೆ ಚಾವಣಿ ಕುಸಿಯದಂತೆ ಉಕ್ಕಿನ ಪಂಜರ ಬೇಕು. ಪಂಜರವಿದ್ದರೆ ಅದರ ಕೊಳವೆಗೆ ತಲೆ ಬಡಿಯುವುದರಿಂದ ಮತ್ತೆ ಶಿರಸ್ತ್ರಾಣವೇ ಬೇಕು. ಹೆಗಲಪಟ್ಟಿಯು ಹಿಂದಕ್ಕೆ ಹೋಗುವಾಗ 45 ಡಿಗ್ರಿಗಿಂತ ಹೆಚ್ಚು ಕೆಳಕ್ಕೆ ಇಳಿಯಕೂಡದೆಂದು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ನಿಯಮ. ಕಾರಿನ ನೆಲಕ್ಕೆ ಕಟ್ಟಿದರೆ ಅದು ಬೆನ್ನೆಲುಬನ್ನೇ ಕೆಳಕ್ಕೊತ್ತುತ್ತದೆ. ಇವೆಲ್ಲವನ್ನೂ ಧರಿಸಿ ಜಾವಗಲ್ಲಿನ ಸಂತೆಯ ನಡುವೆ, ಎಡಕ್ಕೂ ಬಲಕ್ಕೂ ಬಾಗಿ ನೋಡಲಾರದೆ ಕಾರು ಓಡಿಸುವವನನ್ನು ವಾಚಕರೇ ಊಹಿಸಿಕೊಳ್ಳಲಿ. ಹಳೆಯ ಪಂದ್ಯದ ಆಸನಗಳನ್ನು ಅಗ್ಗಕ್ಕೆ ಕೊಳ್ಳುವವರಿಗೆ ಇನ್ನೊಂದು ಮಾತು: ಆ ಒಕ್ಕೂಟದ 8855-1999 ಎಂಬ ಮಾನದಂಡದ ಆಸನಕ್ಕೆ ತಯಾರಾದ ದಿನದಿಂದ 5 ವರ್ಷ ಮಾತ್ರ ಆಯುಸ್ಸನ್ನು ನಿಗದಿ ಮಾಡಿದ್ದಾರೆ.

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ ತಯಾರಕನು ಮೂಲತಃ ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಪಟ್ಟಿ ಕಟ್ಟದವನಿಗೆ 194ಬಿ ಪ್ರಕರಣದಂತೆ ದಂಡವುಂಟು. ಆದರೆ ರಸ್ತೆಯ ಬದಿಯಲ್ಲಿ ನಿಂತ ಪೊಲೀಸರಾಗಲಿ, ಕಂಬದ ಮೇಲಿನ ಕ್ಯಾಮರವಾಗಲಿ ನೋಡುವುದು ಎದೆಯ ಮೇಲೆ ಓರೆಯಾದ ಕಪ್ಪು ಗೆರೆ ಇದೆಯೇ ಎಂಬುದನ್ನು ಮಾತ್ರ. ನಡುಪಟ್ಟಿಯು ಎಲುಬಿನ ಮೇಲಿದೆಯೋ ಹೊಟ್ಟೆಯ ಮೇಲಿದೆಯೋ ಅವರಿಗೆ ಕಾಣದು. ಆಸನವನ್ನು ಮಾರುವವನು ಅದು ಮೂರು ಬಿಂದುಗಳ ಪಟ್ಟಿಗೆ ಒಪ್ಪುವುದೇ ಇಲ್ಲವೇ ಎಂಬುದನ್ನು ಆಸನದ ಮೇಲೆಯೇ, ಕನ್ನಡದಲ್ಲಿಯೂ ಅಚ್ಚಿಸಬೇಕೆಂದು ಸರ್ಕಾರವು ನಿಯಮ ಮಾಡುವುದು ಉಚಿತ. ದಂಡದಿಂದ ಆಗದ ಕೆಲಸ ಎರಡು ಸಾಲಿನ ಅಚ್ಚಿನಿಂದ ಆಗಬಹುದೆಂದು ನಮಗೆ ತೋರುತ್ತದೆ.

ಪಂದ್ಯದ ಆಸನವನ್ನು ಎಂದೂ ಕೊಳ್ಳದ ವಾಚಕರಿಗೂ ಈ ವಿಷಯ ದೂರದ್ದಲ್ಲ. 2022ರ ಅಕ್ಟೋಬರಿನಲ್ಲಿ ಬಾಣಾವರದ ಬಳಿ, ಯಾತ್ರೆಯಿಂದ ಮರಳುತ್ತಿದ್ದವರ ವಾಹನವೊಂದು ಹಾಲಿನ ಟ್ಯಾಂಕರಿಗೂ ಬಸ್ಸಿಗೂ ನಡುವೆ ಸಿಕ್ಕಿ ಮಕ್ಕಳೂ ಸೇರಿ 9 ಮಂದಿ ಸತ್ತರು. ಅಂತಹ ನಜ್ಜಿನಲ್ಲಿ ಯಾವ ಪಟ್ಟಿಯ ಮಾತೂ ಹೆಚ್ಚಲ್ಲ. ಆದರೆ ಈ ರಸ್ತೆಗಳಲ್ಲಿ ಯಾತ್ರೆಗೆ ಹೋಗುವವರು ಎಲ್ಲರೂ ಇದ್ದೇವೆ. ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಇಳಿದು ಹಳೇಬೀಡು ಬೇಲೂರುಗಳನ್ನು ನೋಡಲು ಬಾಡಿಗೆಯ ಕಾರು ಹಿಡಿದರೆ, ಹೊಳೆಯುವ ದಪ್ಪ ಹೊದಿಕೆಯು ಆಸನವನ್ನು ಮುಚ್ಚಿರುವುದು ಸಾಮಾನ್ಯ. ಮುಂದಿನ ಆಸನದಲ್ಲಿ ಅದು ಗಾಳಿಚೀಲದ ಬಾಯನ್ನು ಹೊಲಿದುಬಿಟ್ಟಿರುತ್ತದೆ. ಹಿಂದಿನ ಆಸನದಲ್ಲಿ ಕೊಂಡಿಗಳನ್ನು ನುಂಗಿರುತ್ತದೆ. ಪಟ್ಟಿಯನ್ನು ಬಿಟ್ಟು ಆಸನವನ್ನು ಚಂದಗೊಳಿಸಿದ ಕಥೆ ಇಲ್ಲಿಯೂ ಅದೇ. ಮುಂದಕ್ಕೆ ಮುಖಮಾಡಿದ ಹಿಂದಿನ ಆಸನದವರೂ ಪಟ್ಟಿ ಕಟ್ಟಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮ ಹೇಳುತ್ತದೆ. ಹೊರಡುವ ಮುನ್ನ ಆಸನದ ಬೆನ್ನೂ ಕೂರುವ ಭಾಗವೂ ಸೇರುವ ಸಂದಿಯಲ್ಲಿ ಕೈಯಿಟ್ಟು ಹೊದಿಕೆಯ ಅಂಚನ್ನು ಎಳೆದರೆ ಕೊಂಡಿ ಬಹುಮಟ್ಟಿಗೆ ಸಿಕ್ಕುತ್ತದೆ. ಚಾಲಕನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.